ಐತಪ್ಪಣ್ಣ ಬರೆದ ಸರ

ಐತಪ್ಪಣ್ಣನ ಕೆಳತುಟಿಗೆ ದಿನಕ್ಕೊಂದು ಬಣ್ಣ. ಬ್ರಷ್ಷಿನ ತುದಿಯನ್ನು ತುಟಿಯಲ್ಲಿ ಒತ್ತಿ ಮೊನೆ ಮಾಡಿಕೊಳ್ಳುವುದು ಅವರ ಅಭ್ಯಾಸ. ತುಟಿ ಹಸಿರಾಗಿದ್ದರೆ ಯಾರದೋ ಸೀರೆ ಮುಗಿದಿದೆ ಎಂದರ್ಥ, ಗುಲಾಬಿಯಾಗಿದ್ದರೆ ಕೆನ್ನೆ, ಹಳದಿಯಾಗಿದ್ದರೆ ಚಿನ್ನ. ಮದುವೆಯ ತಿಂಗಳುಗಳಲ್ಲಿ ಅವರು ಹಳದಿ ತುಟಿಯಲ್ಲೇ ಪುತ್ತೂರು ಪೇಟೆಯೆಲ್ಲ ಸುತ್ತುತ್ತಿದ್ದರು, ಹೋಟೆಲಿನಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ನೋಡಿ ನೋಡಿ ಅಭ್ಯಾಸವಾಗಿದ್ದ ಪೇಟೆಯವರು ಯಾರೂ ನಗುತ್ತಿರಲಿಲ್ಲ.

ಫೋಟೋಗಳೆಲ್ಲ ಕಪ್ಪು ಬಿಳುಪು ಇದ್ದ ಕಾಲ ಅದು. ಸ್ಟುಡಿಯೋದ ಧಣಿ ಮುಂದಿನ ಕೋಣೆಯಲ್ಲಿ ಫೋಟೋ ತೆಗೆದರೆ, ಹಿಂದಿನ ಕೋಣೆಯ ಕಿಟಕಿಯ ಬಳಿ ಕೂತು ಅದಕ್ಕೆ ಬಣ್ಣ ಹಾಕುವವರು ಐತಪ್ಪಣ್ಣ. ಪಕ್ಕದ್ದೇ ನನ್ನ ಅಪ್ಪನ ಟೈಲರ್ ಅಂಗಡಿ. ಶಾಲೆ ಬಿಟ್ಟ ಮೇಲೆ ಅಪ್ಪನ ಕೆಲಸ ಮುಗಿಯುವವರೆಗೆ ನಾನು ಇರುತ್ತಿದ್ದುದು ಆ ಹಿಂದಿನ ಕೋಣೆಯಲ್ಲಿ. ಏನನ್ನೂ ಮುಟ್ಟಬಾರದು ಎಂಬ ಒಂದು ಷರತ್ತು ಬಿಟ್ಟರೆ ಅವರದು ಬೇರೆ ಯಾವ ಕಾಟವೂ ಇರಲಿಲ್ಲ.

"ಇದ್ದದ್ದನ್ನು ಕ್ಯಾಮೆರಾ ತೆಗಿತದೆ. ಇಲ್ಲದ್ದಕ್ಕೆ ನಾನು ಉಂಟಲ್ಲ!" ಎನ್ನುತ್ತಿದ್ದರು. ಮಾತು ಸುಳ್ಳಲ್ಲ. ಬೋಳುತಲೆಯ ಮೇಲೆ ಅವರು ಕೂದಲು ಬೆಳೆಸಿದ್ದಾರೆ, ಜ್ವರದಿಂದ ಎದ್ದು ಬಂದ ಮಗುವಿಗೆ ಗಲ್ಲ ತುಂಬಿಸಿದ್ದಾರೆ. ಉಪ್ಪಿನಂಗಡಿಯ ಒಬ್ಬರ ಮನೆಗೆ ನೆರೆ ನುಗ್ಗಿ ಅಪ್ಪನ ಫೋಟೋದಲ್ಲಿ ಅರ್ಧ ಮುಖವೇ ಅಳಿಸಿಹೋದಾಗ, ಮಗನನ್ನು ಎದುರು ಕೂರಿಸಿ, ಅವನ ಮುಖ ನೋಡಿಯೇ ಉಳಿದರ್ಧ ತುಂಬಿಸಿಕೊಟ್ಟಿದ್ದರು. ಅಪ್ಪನನ್ನು ಮರಳಿ ಪಡೆದ ಆ ಮನುಷ್ಯ ಕಾಲಿಗೆ ಬೀಳಲು ಬಂದರೆ, "ಏಳಿ ಮಾರಾಯ್ರೆ, ಬಣ್ಣ ಚೆಲ್ತದೆ" ಎಂದು ಗದರಿದ್ದರು.

ಚಿತ್ರಕಲೆಯನ್ನು ಅವರು ಯಾರಲ್ಲಿಯೂ ಕಲಿತವರಲ್ಲ. ಅವರ ಗುರುಗಳೆಂದರೆ ಪತ್ರಿಕೆಗಳಲ್ಲಿ ಬರುತ್ತಿದ್ದ ಜಾಹೀರಾತುಗಳು. ಕ್ಷೌರದಂಗಡಿಯಲ್ಲಿ ಹಳತಾದ ವಾರಪತ್ರಿಕೆಗಳನ್ನು ಕೇಳಿ ತಂದು, ಜಾಹೀರಾತುಗಳನ್ನು ಕತ್ತರಿಸಿ ಒಂದು ದಪ್ಪ ಪುಸ್ತಕದಲ್ಲಿ ಅಂಟಿಸಿಟ್ಟಿದ್ದರು. ಮೈಸಾಬೂನಿನ ಹೆಂಗಸು, ಮೊಣಕಾಲಿನವರೆಗೆ ಕೂದಲು ಬಿಟ್ಟ ತಲೆಎಣ್ಣೆಯ ಹೆಂಗಸು, ಟಾನಿಕ್ ಕುಡಿದು ಉಬ್ಬಿದ ಮಗು, ಟಾರ್ಚು ಹಿಡಿದು ಹಾವನ್ನು ಬೆದರಿಸುವ ಗಂಡಸು, ರೇಡಿಯೋದ ಸುತ್ತ ಕೂತು ನಗುವ ಕುಟುಂಬ. ಕೆಳಗೆ 'ಇಂದೇ ಬರೆದು ವಿ.ಪಿ. ಅಂಚೆಯ ಮೂಲಕ ತರಿಸಿಕೊಳ್ಳಿರಿ' ಎಂಬ ಒಕ್ಕಣೆ. ಇವರಿಗೆಲ್ಲ ಐತಪ್ಪಣ್ಣ ಸಾಬೂನಕ್ಕ, ಎಣ್ಣೆಯಕ್ಕ ಎಂದು ಹೆಸರಿಟ್ಟಿದ್ದರು. "ಇವಳ ಮೂಗಿಗೆ ಸಾಬೂನಕ್ಕನ ನೆರಳು ಕೊಟ್ರೆ ಸರಿ ಆಗ್ತದೆ" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಮದುಮಗನಿಗೆ ಕೈಗಡಿಯಾರ ಬೇಕೆಂದರೆ ಜಾಹೀರಾತಿನಲ್ಲಿದ್ದ ಗಡಿಯಾರವನ್ನೇ ಇಳಿಸುತ್ತಿದ್ದರು, ಅದು ತೋರಿಸುತ್ತಿದ್ದ ಸಮಯದ ಸಮೇತ. ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ಆ ಕಾಲದ ಎಷ್ಟೋ ಮದುಮಕ್ಕಳ ಕೈಯಲ್ಲಿ ಇಂದಿಗೂ ಹತ್ತು ಗಂಟೆ ಹತ್ತು ನಿಮಿಷ!

ಆ ಪುಸ್ತಕದಲ್ಲಿ ನನಗೆ ಇಷ್ಟವಾಗಿದ್ದು ಯಾವುದೋ ದೂರದ ಊರಿನ ಚಿನ್ನದಂಗಡಿಯ ಜಾಹೀರಾತು. ಅದರ ಹೆಂಗಸಿನ ಕೊರಳಲ್ಲಿ ನಮ್ಮ ಕಡೆ ಯಾರೂ ಹಾಕದಂಥ ಸರ. ಪದಕದಲ್ಲಿ ಎದುರುಬದುರು ಕೂತ ಎರಡು ಗಿಳಿಗಳು. ಕಾಗದ ಮಡಿಕೆಯಲ್ಲಿ ಹರಿದು ಬಲಗಡೆಯ ಗಿಳಿಯ ಕೊಕ್ಕು ಹೋಗಿತ್ತು. ಐತಪ್ಪಣ್ಣ ಆ ಸರ ಬರೆದಾಗಲೆಲ್ಲ ಗಿಳಿಗೆ ಕೊಕ್ಕು ಇರುತ್ತಿರಲಿಲ್ಲ.

"ಒಂದು ಕೊಕ್ಕು ನೀವೇ ಬರೀಬಾರದಾ?" ಎಂದು ಕೇಳಿದ್ದೆ.

"ನೋಡದ್ದನ್ನು ಬರೆಯುದು ಹೇಗೆ? ಅದರ ಕೊಕ್ಕು ಹೇಗಿತ್ತೋ ಎಂತದೋ!"

ಇಲ್ಲದ ಚಿನ್ನವನ್ನು ಕೊರಳಿಗೆ ಹಾಕುವ ಮನುಷ್ಯ ಒಂದು ಕೊಕ್ಕಿಗೆ ಇಷ್ಟು ಸತ್ಯವಂತನಾಗುವುದು ನನಗೆ ಆಗ ತಮಾಷೆಯಾಗಿ ಕಂಡಿತ್ತು.

ನನ್ನನ್ನು ಐವರ್ನಾಡಿಗೆ ಮದುವೆ ಮಾಡಿಕೊಟ್ಟರು. ಆ ಮನೆಯ ಚಾವಡಿಯಲ್ಲಿ, ಎತ್ತರದಲ್ಲಿ ಮಾಡಿನ ಹತ್ತಿರ, ಅತ್ತೆಯ ಹರೆಯದ ದೊಡ್ಡ ಫೋಟೋ ತೂಗುತ್ತಿತ್ತು. ಕೊರಳಲ್ಲಿ ಸರ ಇದ್ದದ್ದು ಕೆಳಗಿನಿಂದಲೇ ಕಾಣುತ್ತಿತ್ತು. ದಿನಾ ಅದರ ಕೆಳಗೆ ಓಡಾಡಿದರೂ ತಲೆ ಎತ್ತಿ ಸರಿಯಾಗಿ ನೋಡಿದವಳಲ್ಲ ನಾನು. ಅತ್ತೆ ಒಳ್ಳೆಯವರು, ಕಡಿಮೆ ಮಾತಿನವರು. ಕೊನೆಯ ಮೂರು ವರ್ಷ ಹಾಸಿಗೆ ಹಿಡಿದರು. ಮೀಯಿಸಿ, ಉಣ್ಣಿಸಿ, ಮಗ್ಗುಲು ಬದಲಿಸಿ ನೋಡಿಕೊಂಡವಳು ನಾನು. ಕಪಾಟಿನ ಬೀಗದಕೈ ಕೂಡ ನನ್ನ ಬಳಿಯೇ ಇತ್ತು.

ಅವರು ತೀರಿಕೊಂಡ ಮೇಲೆ, ಉತ್ತರಕ್ರಿಯೆಯ ದಿನ ಆ ಫೋಟೋವನ್ನು ಇಳಿಸಿ ಕುರ್ಚಿಯ ಮೇಲಿಟ್ಟು ಹಾರ ಹಾಕಿದರು. ನನ್ನ ಗಂಡನ ಅಕ್ಕ ಪ್ರೇಮಕ್ಕ ಅದರ ಮುಂದೆ ಬಹಳ ಹೊತ್ತು ಕೂತಿದ್ದವರು ಊಟವಾದ ಮೇಲೆ ಕೇಳಿದರು, "ಅಮ್ಮನ ಗಿಳಿಸರ ಎಲ್ಲಿ ಉಂಟು ಸುಮತಿ?"

"ನಾನು ನೋಡಿದ್ದೇ ಇಲ್ಲ ಪ್ರೇಮಕ್ಕ."

"ನೋಡಿಲ್ಲ ಅಂದ್ರೆ? ಸಣ್ಣದಿರುವಾಗ ನಾನು ಕೇಳಿದಾಗಲೆಲ್ಲ ಅಮ್ಮ ಹೇಳುದು, 'ಜೋಪಾನ ಇಟ್ಟಿದ್ದೇನೆ, ನನ್ನ ಕಾಲದ ನಂತರ ನಿನಗೇ' ಅಂತ. ನನ್ನ ಮದುವೆಗೂ ತೆಗೀಲಿಲ್ಲ. ಈಗ ಕೀಲಿ ನಿನ್ನ ಹತ್ರ ಉಂಟಲ್ವಾ?"

ಕಪಾಟು ತೆಗೆದು ತೋರಿಸಿದೆ. ಸೀರೆಗಳನ್ನು ಕೊಡವಿದರು, ಪೆಟ್ಟಿಗೆ ಮಗುಚಿದರು. ಸರ ಇರಲಿಲ್ಲ. ಯಾರೂ ನನ್ನನ್ನು ಕಳ್ಳಿ ಎನ್ನಲಿಲ್ಲ. ಬೀಗದಕೈಯನ್ನು ಮಾತ್ರ ಪ್ರೇಮಕ್ಕ ಕೇಳಿ ತೆಗೆದುಕೊಂಡರು. ರಾತ್ರಿ ಗಂಡ, "ನೀನು ಎಲ್ಲಿಯಾದ್ರೂ ಇಟ್ಟು ಮರೆತದ್ದಾ?" ಎಂದು ಕೇಳಿದರು. ಅವರು ಮೆಲ್ಲಗೇ ಕೇಳಿದ್ದು. ಪ್ರೇಮಕ್ಕ ಕೀಲಿ ಕೇಳಿದ್ದಕ್ಕಿಂತ ಅದು ನನ್ನನ್ನು ಹೆಚ್ಚು ನೋಯಿಸಿತು.

ಎರಡು ದಿನದ ಮೇಲೆ ಹಾರ ತೆಗೆದು, ಗಾಜಿಗೆ ಅಂಟಿದ ಕುಂಕುಮ ಒರೆಸುತ್ತಿದ್ದಾಗ ಪದಕ ಕಣ್ಣೆದುರೇ ಬಂತು. ಎರಡು ಗಿಳಿಗಳು. ಬಲಗಡೆಯದಕ್ಕೆ ಕೊಕ್ಕಿಲ್ಲ.

ಮರುದಿನವೇ ಪುತ್ತೂರಿಗೆ ಹೋದೆ. ಸ್ಟುಡಿಯೋ ಮುಚ್ಚಿ ಎಷ್ಟೋ ಕಾಲವಾಗಿತ್ತು. ಮಗಳ ಮನೆಯ ಜಗಲಿಯಲ್ಲಿ ಕೂತಿದ್ದ ಐತಪ್ಪಣ್ಣನಿಗೆ ಕಣ್ಣು ಮಂಜಾಗಿತ್ತು. ದನಿಯಿಂದಲೇ ಗುರುತು ಹಿಡಿದು, "ಟೈಲರ್ ಮಗಳು ಅಲ್ವಾ?" ಎಂದರು. ನಡೆದದ್ದನ್ನೆಲ್ಲ ಹೇಳಿದೆ.

"ಯಾರಿಗೂ ಹೇಳುದಿಲ್ಲ ಅಂತ ನಿನ್ನ ಅತ್ತೆಗೆ ಮಾತು ಕೊಟ್ಟಿದ್ದೇನೆ ಮಗಾ," ಎಂದರು. "ಆ ದಿನ ಫೋಟೋ ತೆಗೆದಾದ ಮೇಲೆ ಗಂಡ ಬಸ್ಸು ನೋಡ್ಲಿಕ್ಕೆ ಹೊರಗೆ ಹೋಗಿದ್ದ. ಇವಳ ಕುತ್ತಿಗೆಯಲ್ಲಿ ಕರಿಮಣಿ ಬಿಟ್ರೆ ಎಂತದೂ ಇಲ್ಲ. ನನ್ನ ಹತ್ರ ಬಂದು, ಈ ಪುಸ್ತಕದಲ್ಲಿ ಇರುದರಲ್ಲಿ ಒಂದು ಹಾಕಿಕೊಡಿ ಅಂದ್ಲು. ನಾಳೆ ನನ್ನ ಮಕ್ಕಳು ನೋಡುವಾಗ ಅಮ್ಮನ ಕೊರಳು ಬೋಳು ಕಾಣ್ಬಾರ್ದು ಅಂತ. ಫೋಟೋ ಕೊಂಡುಹೋಗ್ಲಿಕ್ಕೆ ಬಂದ ಗಂಡ ಒಂದು ಗಳಿಗೆ ನೋಡಿದ. ಏನೂ ಹೇಳದೆ ಪೇಪರಿನಲ್ಲಿ ಸುತ್ತಿಕೊಂಡು ಹೋದ. ಅವನೂ ಒಳ್ಳೆಯವನೇ."

ಮಾವನವರು ನನ್ನ ಮದುವೆಗೆ ಮೊದಲೇ ತೀರಿಹೋಗಿದ್ದರು. ಆ ಗುಟ್ಟು ತಿಳಿದವರೆಂದು ಉಳಿದದ್ದು ಇವರೊಬ್ಬರೇ. ಕೊಟ್ಟ ಮಾತು ಮುರಿಯಿರಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಎದ್ದು ಹೊರಟೆ.

"ಕೂತುಕೋ," ಎಂದರು. "ಆದಿತ್ಯವಾರ ಅವರನ್ನೆಲ್ಲ ಸೇರಿಸು. ನಾನು ಬರ್ತೇನೆ. ಮಾತು ತಪ್ಪಿದೆ ಅಂತ ಅವಳಿಗೆ ನಾನೇ ಮೇಲೆ ಹೋಗಿ ಹೇಳ್ತೇನೆ. ಹೇಗೂ ಹೆಚ್ಚು ದಿನ ಇಲ್ಲ."

ಆದಿತ್ಯವಾರ ರಿಕ್ಷಾದಲ್ಲಿ ಬಂದರು. ಚಾವಡಿಯ ಬೆಂಚಿನಲ್ಲಿ ಕೂತು ಒಂದು ಬಟ್ಟಲು ನೀರು, ಸ್ವಲ್ಪ ಹತ್ತಿ ಕೇಳಿದರು. ಫ್ರೇಮಿನಿಂದ ಫೋಟೋ ತೆಗೆಸಿ, ಮೂಗಿನ ಹತ್ತಿರ ಹಿಡಿದು ನೋಡಿದರು. "ನನ್ನದೇ," ಎಂದು, ಒದ್ದೆ ಹತ್ತಿಯನ್ನು ಸರದ ಬಲತುದಿಗೆ ಒತ್ತಿ ಎಳೆದರು. ಎರಡು ಬೆರಳಗಲ ಚಿನ್ನ ಹತ್ತಿಗೆ ಬಂತು.

"ಎಂತ ಮಾಡುದು ನೀವು!" ಪ್ರೇಮಕ್ಕ ಚೀರಿದರು.

"ನೋಡು ಮಗಾ. ಚಿನ್ನ ಆದ್ರೆ ನೀರಿಗೆ ಹೋಗ್ತದಾ?"

ಎಲ್ಲವನ್ನೂ ಹೇಳಿದರು. ಅತ್ತೆ ಕೇಳಿದ್ದು, ತಾವು ಬರೆದದ್ದು, ಮಾತು ಕೊಟ್ಟದ್ದು. ಹೇಳುತ್ತಲೇ ಹತ್ತಿಯನ್ನು ಮತ್ತೆ ಅದ್ದಿ ಪದಕದ ಕಡೆಗೆ ಕೈ ಒಯ್ದರು. ಪ್ರೇಮಕ್ಕ ಅವರ ಮಣಿಕಟ್ಟು ಹಿಡಿದುಕೊಂಡರು.

"ಸಾಕು ಮಾರಾಯ್ರೆ. ಅಷ್ಟಾದ್ರೂ ಅಮ್ಮನ ಕುತ್ತಿಗೆಯಲ್ಲಿ ಇರ್ಲಿ."

ಆಮೇಲೆ ಅವರು ಅತ್ತರು. ಕೈಚೀಲದಿಂದ ಬೀಗದಕೈ ತೆಗೆದು ನನ್ನ ಅಂಗೈಯಲ್ಲಿಟ್ಟರು, ಮುಖ ನೋಡಲಾರದೆ ಒಳಗೆ ಹೋದರು. ನನ್ನ ಗಂಡ ನೆಲ ನೋಡುತ್ತಾ ನಿಂತಿದ್ದರು. ಫೋಟೋವನ್ನು ಹಾಗೆಯೇ ಮತ್ತೆ ಕಟ್ಟಿಸಿ ತೂಗುಹಾಕಿದ್ದೇವೆ. ಈಗ ಮೊಮ್ಮಗಳ ಮೊಬೈಲಿಗೆ ಹಳೆಯ ಫೋಟೋ, ಹಳೆಯ ಜಾಹೀರಾತುಗಳೆಲ್ಲ ಬರುತ್ತಿರುತ್ತವೆ. ಎಷ್ಟು ಸುಖದ ಕಾಲ ಎಂದು ಕೆಳಗೆ ಬರೆದಿರುತ್ತಾರೆ. ಸುಖವೂ ಇತ್ತು, ಇಲ್ಲವೆನ್ನಲಾರೆ. ನಾನು ಮಾತ್ರ ಮೊದಲು ಹೆಂಗಸರ ಕೊರಳು ನೋಡುತ್ತೇನೆ.

ಆ ದಿನ ಐತಪ್ಪಣ್ಣನನ್ನು ಮನೆಗೆ ಮುಟ್ಟಿಸಲು ರಿಕ್ಷಾದಲ್ಲಿ ನಾನೂ ಹೋದೆ. ಅದೇ ಕೊನೆಯ ಭೇಟಿ. ಮುಂದಿನ ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು. ಆ ದಿನ ರಿಕ್ಷಾ ಬೆಳ್ಳಾರೆ ದಾಟಿತು. ಐತಪ್ಪಣ್ಣ ಸಣ್ಣ ದನಿಯಲ್ಲಿ ಕೇಳಿದರು, "ನಿನ್ನ ಅತ್ತೆ ನನಗೆ ಬೈತಾಳಾ ಮಗಾ?"

"ಇಲ್ಲ ಐತಪ್ಪಣ್ಣ. ಅವರು ಬೈಯುವವರಲ್ಲ."

"ಬೈದ್ರೆ ಬೈಲಿ." ಮತ್ತೆ ಅವರೇ ಹೇಳಿದರು, "ನಿನ್ನ ಮೇಲೆ ಬಂದದ್ದನ್ನು ನೋಡಿದ್ದಿದ್ರೆ, ಅವಳೇ ಎದ್ದು ಬಂದು ಅಳಿಸ್ತಿದ್ಲು."

ಅಷ್ಟು ದಿನ ಒಂದು ಹನಿ ಕಣ್ಣೀರು ಹಾಕದಿದ್ದವಳು ಆ ರಿಕ್ಷಾದಲ್ಲಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅವರು ಪುತ್ತೂರು ಬರುವವರೆಗೆ ನನ್ನ ಕೈ ಹಿಡಿದುಕೊಂಡು ಕೂತಿದ್ದರು.