ಇನ್‌ಚಾರ್ಜ್ ಆಗಲು ಡಿಗ್ರಿ ಬೇಕು ಎಂದವಳು ನಾನೇ

ದಾವಣಗೆರೆಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಅಲ್ಲಿಯದೇ ಒಂದು ಖಾಸಗಿ ಆಸ್ಪತ್ರೆಗೆ ಸೇರಿದೆ. ಮನೆ ಹರಿಹರದಲ್ಲಿ, ದಿನವೂ ಬಸ್ಸಿನ ಓಡಾಟ. ಆಪರೇಷನ್ ಆದವರ ವಾರ್ಡಿನಲ್ಲಿ ನನಗೆ ಕೆಲಸ. ಅಲ್ಲಿನ ಇನ್‌ಚಾರ್ಜ್ ಸಿಸ್ಟರ್ ಡಿಪ್ಲೊಮಾ ಓದಿದವರು, ನಾನು ಹುಟ್ಟುವ ಮೊದಲೇ ಕೆಲಸಕ್ಕೆ ಸೇರಿದವರು. ನನ್ನ ಹೆಸರು ಆಕೆಗೆ ಗೊತ್ತಿತ್ತು. ಆದರೆ ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ.

“ಏ ಡಿಗ್ರಿ, ಆ ಬೆಡ್‌ಪ್ಯಾನ್ ತಗೊಂಬಾ. ಎತ್ತೋದು ಹೆಂಗೆ ಅಂತ ಕಾಲೇಜಿನಾಗೆ ಕಲಿಸ್ಯಾರೋ ಇಲ್ಲೋ?”

ರೋಗಿಗಳ ಕಡೆಯವರೂ ನಗುತ್ತಿದ್ದರು. ಅದನ್ನು ಹೇಗೋ ನುಂಗಿಕೊಂಡಿದ್ದೆ.

ಆಮೇಲೆ ಅಪ್ಪನಿಗೆ ಹರ್ನಿಯಾ ಆಪರೇಷನ್ ಆಯಿತು. ಹರಿಹರದಲ್ಲಿ ಟೈಲರ್ ಅಂಗಡಿ ಇಟ್ಟಿದ್ದವರು, ಮಗಳಿರುವ ಆಸ್ಪತ್ರೆಯಲ್ಲೇ ಮಾಡಿಸಿಕೊಳ್ಳುತ್ತೇನೆಂದು ಹಟ ಹಿಡಿದು ಬಂದಿದ್ದರು. ಮಧ್ಯಾಹ್ನ ನೋಡಿದರೆ ಮೈ ತಣ್ಣಗಾಗಿದೆ, ಹಣೆ ಬೆವೆತಿದೆ, ನಾಡಿ ಓಡುತ್ತಿದೆ, ಬಿ.ಪಿ. ಇಳಿಯುತ್ತಿದೆ. ಒಳಗೆಲ್ಲೋ ರಕ್ತ ಹೋಗುತ್ತಿದೆ, ಡಾಕ್ಟರನ್ನು ಕರೆಸಿ ಎಂದು ಇನ್‌ಚಾರ್ಜ್‌ಗೆ ಹೇಳಿದೆ.

“ನಿಮ್ಮಪ್ಪ ಅಂತ ಹೆದರ್ತೀದಿ. ಆಪರೇಷನ್ ಆದೋರಿಗೆ ಹಂಗಾಗೋದೇ. ಫೋನ್ ಮಾಡಬ್ಯಾಡ, ಹೋಗಿ ಕೆಲಸ ನೋಡು.”

ಮತ್ತೊಮ್ಮೆ ಹೇಳಿದೆ. ಆಕೆ ತಲೆ ಎತ್ತಲೂ ಇಲ್ಲ. ನಾನೇ ಸರ್ಜನ್‌ಗೆ ಫೋನ್ ಮಾಡಿದೆ. ಅವರು ಬಂದು ನೋಡಿ, ಅಪ್ಪನನ್ನು ತಿರುಗಿ ಥಿಯೇಟರಿಗೆ ಒಯ್ದರು. ಅಪ್ಪ ಉಳಿದರು.

ಡಿಸ್ಚಾರ್ಜ್ ದಿನ ಆಕೆ ಹಾಸಿಗೆಯ ಬಳಿ ಬಂದು ನಿಂತರು. “ನಿಮ್ಮ ಮಗಳಿಗೆ ಓದು ಬಂದೈತೆ, ಬುದ್ಧಿ ಬಂದಿಲ್ಲ ನೋಡ್ರಿ. ದೊಡ್ಡೋರನ್ನ ದಾಟಿ ಹೋಗ್ತಾಳೆ.”

ಅಪ್ಪ ಎದ್ದು ಕೂತು, ಒಂದು ಕೈಯಲ್ಲಿ ಹೊಲಿಗೆಯ ಜಾಗ ಒತ್ತಿ ಹಿಡಿದುಕೊಂಡರು. ಆಮೇಲೆ ಆ ಕೈಯನ್ನೂ ತೆಗೆದು ಆಕೆಗೆ ಕೈಮುಗಿದರು. “ತಪ್ಪಾತ್ರಿ ಸಿಸ್ಟರ್. ಸಣ್ಣ ಹುಡುಗಿ, ಹೊಟ್ಟೆಗೆ ಹಾಕ್ಕೋರಿ.”

ಆಕೆ ತಲೆಯಾಡಿಸಿ ಕ್ಷಮಿಸಿದರು. ಮುಂದಿನ ವಾರವೇ ಆಕೆಯ ದೂರಿನ ಮೇಲೆ ನನ್ನನ್ನು ಆಪರೇಷನ್ ಸಾಮಾನು ತೊಳೆಯುವ ಕೋಣೆಗೆ ಹಾಕಿದರು.

ಆ ಕೋಣೆಯಲ್ಲಿ ಆನಗೋಡಿನಿಂದ ಬರುತ್ತಿದ್ದ ಒಬ್ಬ ಸಿಸ್ಟರ್ ಇದ್ದಳು, ಅವಳದೂ ಡಿಪ್ಲೊಮಾನೇ. ನಾನು ಅಳುವಾಗ ಮಂಡಕ್ಕಿ ಪೊಟ್ಟಣ ಬಿಚ್ಚಿ ಮುಂದಿಡುತ್ತಿದ್ದಳು. ಅವಳಿಗಾಗಿಯೇ ಕೆಲಸ ಬಿಡದೆ ಉಳಿದೆ. ಆಮೇಲೆ ರಜೆ ಹಾಕಿ ಎಂ.ಎಸ್ಸಿ. ಮಾಡಿದೆ, ಕೆಲವು ವರ್ಷಗಳಲ್ಲಿ ನರ್ಸಿಂಗ್ ಆಫೀಸಿಗೇ ಬಂದು ಕೂತೆ.

ಹೋದ ವರ್ಷ ಆಡಳಿತದವರು ಮೀಟಿಂಗ್ ಕರೆದರು. ಇನ್ನು ಮುಂದೆ ಇನ್‌ಚಾರ್ಜ್ ಆಗಿರುವವರಿಗೆ ಡಿಗ್ರಿ ಇರಬೇಕು, ಆದರೆ ಹಳಬರಿಗೆ ವಿನಾಯಿತಿ ಕೊಡೋಣವೇ ಎಂದು ನನ್ನನ್ನು ಕೇಳಿದರು.

“ಬ್ಯಾಡ್ರಿ ಸರ್,” ಎಂದೆ. “ರೂಲ್ಸ್ ಅಂದ್ಮೇಲೆ ಎಲ್ಲಾರಿಗೂ ಒಂದೇ.”

ನರ್ಸಿಗೆ ಡಿಗ್ರಿ ಬೇಕೇ ಎಂದು ಯಾರಾದರೂ ಕೇಳಿದರೆ ಬೇಕೆಂದೇ ಹೇಳುತ್ತೇನೆ. ಯಾಕೆ ಬೇಕೆಂದು ಅರ್ಧ ಗಂಟೆ ಮಾತಾಡಬಲ್ಲೆ. ಆದರೆ ಆ ಮೀಟಿಂಗಿನಲ್ಲಿ ಅದಾವುದೂ ನನ್ನ ತಲೆಯಲ್ಲಿರಲಿಲ್ಲ. ಮೈ ತಣ್ಣಗಾದ ರೋಗಿಗೆ ಏನಾಗುತ್ತಿದೆಯೆಂದು ತಿಳಿಯಲು ಡಿಪ್ಲೊಮಾ ಸಾಕು. ಆಕೆಗೂ ತಿಳಿಯುತ್ತಿತ್ತು, ಬಂದು ನೋಡಿದ್ದರೆ. ಹೇಳಿದವಳು ನಾನು ಎಂಬ ಒಂದೇ ಕಾರಣಕ್ಕೆ ಬರಲಿಲ್ಲ.

ಸುದ್ದಿ ತಿಳಿದು ಆಕೆ ನನ್ನ ರೂಮಿಗೆ ಬಂದರು. ಕೂಡ್ರಿ ಎನ್ನಲಿಲ್ಲ ನಾನು.

“ರಿಟೈರ್ ಆಗಾಕ ಇನ್ನ ಸ್ವಲ್ಪ ದಿನ ಐತಮ್ಮ. ಮೇಲಿನೋರಿಗೆ ಒಂದು ಮಾತು ಹೇಳು.”

“ಪೋಸ್ಟ್ ಬೇಸಿಕ್ ಡಿಗ್ರಿ ಮಾಡ್ಕೊಂಬರ್ರಿ ಸಿಸ್ಟರ್. ಎರಡೇ ವರ್ಷ.”

“ಈ ವಯಸ್ಸಿನಾಗೆ ಹುಡುಗೇರ ಜತಿ ಬೆಂಚಿನ ಮ್ಯಾಲೆ ಕೂಡ್ಲೇನು?”

“ಯಾಕ, ಕಾಲೇಜಿನಾಗೆ ಎಲ್ಲಾ ಕಲಿಸ್ತಾರ್ರಿ.”

ಆಕೆ ಕೈ ಮುಗಿಯಬಹುದೆಂದು ಕಾದೆ. ಮುಗಿಯಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಕೆಲಸ ಬಿಟ್ಟರು.

ಆ ಕುರ್ಚಿಗೆ ಮುಂದಿನ ಸರದಿ ಆನಗೋಡಿನ ನನ್ನ ಗೆಳತಿಯದಾಗಿತ್ತು. ಅದೇ ರೂಲ್ಸು ಅವಳಿಗೂ ಅಡ್ಡ ಬಂತು. ಕ್ಯಾಂಟೀನಿನಲ್ಲಿ ನನ್ನೆದುರು ಬಂದು ನಿಂತಳು. “ಆಯಮ್ಮನ್ನ ಹೊಡಿಯಾಕ ಹೋಗಿ ನನಗೂ ಹೊಡೆದ್ಯಲ್ಲೇ. ಗೊತ್ತಿರಲಿಲ್ಲೇನು ನಿಂಗೆ?”

ಗೊತ್ತಿತ್ತು ಎಂದೆ. ಅವತ್ತಿನಿಂದ ಅವಳು ಬೇರೆ ಟೇಬಲ್ಲಿನಲ್ಲಿ ಕೂತು ಉಣ್ಣುತ್ತಾಳೆ. ಅದೊಂದು ನನಗೆ ಈಗಲೂ ಚುಚ್ಚುತ್ತದೆ.

ಹಳೆಯ ಇನ್‌ಚಾರ್ಜ್ ಈಗ ಹರಿಹರದ ಒಂದು ಸಣ್ಣ ನರ್ಸಿಂಗ್ ಹೋಮಿಗೆ ದಾವಣಗೆರೆಯಿಂದ ಕೆಲಸಕ್ಕೆ ಬರುತ್ತಾರಂತೆ. ಒಂದು ಬೆಳಿಗ್ಗೆ ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಎದುರಾದರು, ಮೊಣಕಾಲು ಹಿಡಿದುಕೊಂಡು ಬಸ್ಸಿನಿಂದ ಇಳಿಯುತ್ತಿದ್ದರು.

“ವಾರ್ಡ್ ಹೆಂಗೈತೆ?” ಎಂದು ಕೇಳಿದರು.

“ಚೆನ್ನಾಗೈತ್ರಿ. ನಿಮ್ಮ ಜಾಗಕ್ಕೆ ಡಿಗ್ರಿ ಮಾಡಿದ ಹುಡುಗಿ ಬಂದಾಳೆ. ಭಾಳ ಚುರುಕು.”

ಆಕೆಯ ಮುಖ ಇಳಿಯುವುದನ್ನು ಪೂರ್ತಿ ನೋಡಿ, ದಾವಣಗೆರೆಗೆ ತಿರುಗಿ ಹೊರಟಿದ್ದ ಅದೇ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತು.