ಅತ್ತೆಯ ‘ಊಂ’

ಮನಸ್ಸಿನಲ್ಲೇ ಓದಿಕೊಳ್ಳುವ ವಿದ್ಯೆ ನನಗೆ ಇವತ್ತಿಗೂ ಒಲಿದಿಲ್ಲ. ಪತ್ರಿಕೆ ಹಿಡಿದರೆ ಹಲ್ಲುಪುಡಿಯ ಜಾಹೀರಾತನ್ನೂ ಗಟ್ಟಿಯಾಗಿಯೇ ಓದುತ್ತೇನೆ. ನಮ್ಮ ಯಜಮಾನರು ಎದ್ದು ಜಗಲಿಗೆ ಹೋಗುತ್ತಾರೆ. ಹೋಗಲಿ ಬಿಡಿ. ಹಿಂದಿನವರು ಪುರಾಣವನ್ನು ಒಬ್ಬೊಬ್ಬರೇ ಓದಿಕೊಂಡದ್ದುಂಟೆ? ಓದಲೊಬ್ಬರು, ಅರ್ಥ ಹೇಳಲೊಬ್ಬರು, ತೂಕಡಿಸಲು ಊರೆಲ್ಲ.

ನನಗೆ ಈ ಚಟ ಹತ್ತಿಸಿದವರು ನಮ್ಮತ್ತೆ. ಐವತ್ತರ ದಶಕದಲ್ಲಿ ನಾನು ಮಲ್ಲಿಪಟ್ಟಣದಿಂದ ಹೊಳೆನರಸೀಪುರಕ್ಕೆ ಸೊಸೆಯಾಗಿ ಬಂದಾಗ ನಮ್ಮಿಬ್ಬರ ನಡುವೆ ಉಪ್ಪು ಹುಳಿಯ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಅವರಿಗೆ ಅಕ್ಷರ ಬಾರದು, ಕತೆಯೆಂದರೆ ಪ್ರಾಣ. ಹಾಸನದ ಬಸ್ಸಿನಲ್ಲಿ ವಾರಪತ್ರಿಕೆ ಬಂದ ಮಧ್ಯಾಹ್ನ ಅವರು ಅವರೆಕಾಳು ಹಿತುಕುತ್ತ ಕೂರುವರು, ನಾನು ಧಾರಾವಾಹಿ ಓದುವೆನು. ಸಾಲು ಮುಗಿದಾಗೆಲ್ಲ ಅವರ ‘ಊಂ’ ಬೀಳಬೇಕು. ನಮ್ಮ ಕಡೆ ಕತೆ ಕೇಳುವವರ ಧರ್ಮ ಅದು. ಹೂಂಗುಟ್ಟದಿದ್ದರೆ ಕತೆ ಅಲ್ಲಿಗೇ ನಿಲ್ಲುತ್ತದೆ.

ಆ ಅವರೆಯ ಕಾಲದಲ್ಲಿ ನನಗೆ ತವರಿನ ಹಂಬಲ ಹಿಡಿಯಿತು. ಅವ್ವನನ್ನು ನೋಡಬೇಕು, ಕೇಳಲು ಬಾಯಿಲ್ಲ. ಧಾರಾವಾಹಿಯ ನಾಯಕಿಯೋ ಮದ್ರಾಸಿನಲ್ಲಿ ಕಾರು ಓಡಿಸುವವಳು, ಅವಳಿಗೆಲ್ಲಿಯ ತವರಿನ ಚಿಂತೆ? ನಾನೇ ಹಚ್ಚಿದೆ. ಅವಳು ಹಿತ್ತಿಲಲ್ಲಿ ನಿಂತು, ಅವ್ವನನ್ನು ನೆನೆದು ಕಣ್ಣೊರೆಸಿಕೊಂಡಳು ಎಂದು ಅಚ್ಚಿನಲ್ಲಿಲ್ಲದ ಸಾಲು ಸೇರಿಸಿ ಓದಿದೆ. ಮುಂದಿನ ವಾರ ಅವಳನ್ನು ಇನ್ನಷ್ಟು ಅಳಿಸಿದೆ. ಆಗ ‘ಊಂ’ ನಿಂತಿತು.

“ಕಾರ್ ಮಡಗಿರೋಳು ತವ್ರಿಗೆ ಓಗಾಕೆ ಅಳ್ತಾಳಾ?” ಅಂದರು ಅತ್ತೆ. ನಾನು ಪುಟದಿಂದ ತಲೆಯೆತ್ತಲಿಲ್ಲ.

“ಆ ಎಣ್ಣ ತವ್ರಿಗೆ ಕಳಿಸ್ಬುಡು ಮಗ, ನಾಕು ದಿನ ಇದ್ಬರ್ಲಿ. ನಿನ್ ಗಂಡಂಗೆ ನಾನ್ ಯೋಳ್ತೀನಿ.”

ಮಲ್ಲಿಪಟ್ಟಣದಲ್ಲಿ ಅವ್ವ ಇದ್ದಳು, ಬಿಸಿ ರೊಟ್ಟಿ ಇತ್ತು, ಹೊತ್ತೇರುವ ತನಕ ನಿದ್ದೆಯೂ ಇತ್ತು. ಒಂದು ಮಧ್ಯಾಹ್ನ ಜೊತೆಗೆ ತಂದಿದ್ದ ಪತ್ರಿಕೆ ಬಿಡಿಸಿ ಒಂದು ಸಾಲು ಓದಿ ಸುಮ್ಮನೆ ಕಾದೆ. ಯಾರೂ ಏನೂ ಅನ್ನಲಿಲ್ಲ. “ಯಾರ್ ಕೂಡೆ ಮಾತಾಡ್ತಿದ್ದೀಯೇ?” ಎಂದು ಅವ್ವ ಒಳಗಿನಿಂದ ಕೇಳಿದಳು. ತವರಲ್ಲಿ ಕೂತು ಅತ್ತೆಗಾಗಿ ಕಣ್ಣು ತುಂಬಿಕೊಂಡ ಸೊಸೆಯನ್ನು ಯಾವ ಧಾರಾವಾಹಿಯಲ್ಲೂ ನಾನು ಕಂಡಿಲ್ಲ, ಅವ್ವನಿಗೆ ಹೇಳುವುದಾದರೂ ಹೇಗೆ?

ಹಿಂದಿರುಗಿದ ದಿನ ಅತ್ತೆ ಕಾಳಿನ ಬೋಗುಣಿ ಮುಂದಿಟ್ಟುಕೊಂಡೇ ಕೇಳಿದರು. “ಬಂದ್ಲಾ ಆ ಎಣ್ಣು?”

“ಬಂದಳು, ಅತ್ತೆಮ್ಮ.”

“ಊಂ. ಓದು ಮತ್ತೆ.”

ಈಗ ಅತ್ತೆ ಇಲ್ಲ. ನಾನೇ ಒಂದಿಷ್ಟು ಬರೆಯುತ್ತೇನೆ, ಬರೆದದ್ದನ್ನು ಗಟ್ಟಿಯಾಗಿ ಓದಿ ಸಾಲಿನ ಕೊನೆಯಲ್ಲಿ ಕಾಯುತ್ತೇನೆ. ನೀವು ಇದನ್ನು ಮನಸ್ಸಿನಲ್ಲೇ ಓದಿಕೊಂಡಿರಿ, ತಿಳಿದವರು. ಆದರೂ ಒಂದು ಸಲ ‘ಊಂ’ ಅನ್ನಿ.