ಗುಡ್ಡದ ಮೇಲಿನ ಕರಕರ

ಎಲ್ಲರ ಕೈಗೂ ಫೋನು ಬಂದಿದ್ದ ಕಾಲವೇ ಅದು. ಆದರೂ ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಅಪ್ಪನ ಹ್ಯಾಮ್ ರೇಡಿಯೋದಿಂದ, ಹವ್ಯಾಸಿಗಳು ಊರಿಂದೂರಿಗೆ ಮಾತಾಡಿಕೊಳ್ಳುವ ಸೆಟ್ಟಿನಿಂದ. ಅಪ್ಪನಿಗೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಕೆಲಸ. ಅವನ ಅಂಗಿ ಎಷ್ಟು ಒಗೆದರೂ ಘಾಟು ಹೋಗುತ್ತಿರಲಿಲ್ಲ. ಹಲಗೇರಿ ಕಡೆಯ ಗುಡ್ಡದ ಮೇಲೆ ಅವನೂ ಗೆಳೆಯರೂ ಸೇರಿ ಒಂದು ರಿಪೀಟರ್ ನಿಲ್ಲಿಸಿದ್ದರು. ದೂರದ ಸಣ್ಣ ದನಿಯನ್ನು ಹಿಡಿದು, ಬಲ ಕೊಟ್ಟು, ಊರೂರಿಗೆ ದಾಟಿಸುವ ಪೆಟ್ಟಿಗೆ ಅದು. ಅವರ ಮಾತು ಕೇಳಿ ಕೇಳಿ ನಾವು ಹುಡುಗಿಯರು ಕುಂಟಬಿಲ್ಲೆ ಆಡುವಾಗಲೂ ಇನ್ನೊಬ್ಬಳಿಗೆ ಸರದಿ ಬಿಡುವಾಗ “ಓವರ್” ಅನ್ನುತ್ತಿದ್ದೆವು.

ಆ ಮಳೆಗಾಲ ರಿಪೀಟರಿಗೆ ಕರಕರ ಹತ್ತಿಕೊಂಡಿತು. ಗಟ್ಟಿ ದನಿಯವರದು ಹೇಗೋ ಕೇಳುತ್ತಿತ್ತು. ಕರ್ಜಗಿಯ ಅಕ್ಕೋರ ದನಿ ಮಾತ್ರ ಪೂರ್ತಿ ಮುಳುಗಿತು. ಅವರು ಅಪ್ಪನಿಗೆ ಶಾಲೆಯಲ್ಲಿ ಅಕ್ಷರ ಕಲಿಸಿದವರು. ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಾಗ ಅಪ್ಪನೇ ಪರೀಕ್ಷೆ ಕಟ್ಟಿಸಿ, ಲೈಸೆನ್ಸ್ ಕೊಡಿಸಿ, ತಲೆದಿಂಬಿನ ಹತ್ತಿರ ಒಂದು ಸಣ್ಣ ಸೆಟ್ ಇಟ್ಟು ಬಂದಿದ್ದ.

“ಫೋನ್ ಮಾಡಿದ್ರ ಆಗೂದಿಲ್ಲೇನ್ರಿ?” ಅಂದಳು ಅವ್ವ.

“ಫೋನಿನ್ಯಾಗ ನಾ ಒಬ್ಬನs ಸಿಗ್ತೀನಿ. ರೇಡಿಯೋದಾಗ ಅವರಿಗೆ ಹತ್ತು ಊರು ಮಾತಾಡಸ್ತಾವು.”

ರವಿವಾರ ಬಂತೆಂದರೆ ಅಪ್ಪ ಗುಡ್ಡ ಹತ್ತುತ್ತಿದ್ದ. ಕೇಬಲ್ ಬದಲಿಸಿದ, ಆಂಟೆನಾ ಇಳಿಸಿ ಏರಿಸಿದ, ಪವರ್ ಸಪ್ಲೈ ಬಿಚ್ಚಿ ನೋಡಿದ. ಗಾಳಿ ನಿಂತಾಗ ಸದ್ದೂ ನಿಲ್ಲುತ್ತಿತ್ತು. ಸರಿಹೋಯಿತೆಂದು ಇಳಿದು ಬಂದರೆ ಮನೆ ಮುಟ್ಟುವಷ್ಟರಲ್ಲಿ ಮತ್ತೆ ಶುರು. ಗೆಳೆಯರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಅಪ್ಪ ತೊಯ್ದು ಬಂದು, ಉಣ್ಣದೆ, ಗೋಡೆಗೆ ಒರಗಿ ಕೂತುಬಿಡುತ್ತಿದ್ದ.

ಕೊನೆಗೆ ಅವ್ವನೇ ಸಿಟ್ಟಿಗೆದ್ದು, ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ನನ್ನನ್ನೂ ಎಳೆದುಕೊಂಡು ಅಪ್ಪನ ಹಿಂದೆಯೇ ಗುಡ್ಡ ಹತ್ತಿದಳು. ಹಸಿ ಹುಲ್ಲು, ತುಕ್ಕು ಹಿಡಿದ ಕಬ್ಬಿಣ, ಎರಡರ ವಾಸನೆಯೂ ಬೆರೆತಿತ್ತು. ಅಪ್ಪನ ಕೈಸೆಟ್ ಕರಗುಡುತ್ತಲೇ ಇತ್ತು. ದಣಿದ ಅವ್ವ ಬುತ್ತಿಯ ಚೀಲವನ್ನು ಆಂಟೆನಾ ಗೋಪುರದ ಸುತ್ತಲಿನ ಬೇಲಿಯ ತಂತಿಗೆ ಜೋತುಹಾಕಿ ಕಲ್ಲಿನ ಮೇಲೆ ಕುಸಿದಳು.

ಕರಕರ ನಿಂತಿತು. ಗಾಳಿ ಮಾತ್ರ ಬೀಸುತ್ತಲೇ ಇತ್ತು.

ಉಣ್ಣಲೆಂದು ಅವಳು ಚೀಲ ತೆಗೆದಳು. ಸದ್ದು ಮತ್ತೆ ಶುರುವಾಯಿತು.

“ಹಾಕು! ಚೀಲ ಅಲ್ಲೇ ಹಾಕು ಲಗೂ!” ಅಪ್ಪ ಕೂಗಿದ.

“ಅಯ್ಯ, ಉಣ್ಣೂದರs ಉಣ್ರಿ ಮೊದ್ಲ!”

ತುಕ್ಕು ಹಿಡಿದ ತಂತಿ ಗಾಳಿಗೆ ಅಲುಗಾಡಿ ಗೋಪುರದ ಕಾಲಿಗೆ ಉಜ್ಜುತ್ತಿತ್ತು; ಆ ಉಜ್ಜಾಟವೇ ರೇಡಿಯೋದಲ್ಲಿ ಕರಕರ ಆಗುತ್ತಿತ್ತು. ಚೀಲದ ಭಾರಕ್ಕೆ ಅದು ಕೆಳಗೆ ಜಗ್ಗಿ ದೂರ ಸರಿದಿತ್ತು. ಅಪ್ಪ ತಂತಿ ಕತ್ತರಿಸಿ ತೆಗೆದ. ಕೈಸೆಟ್ ಹಿಡಿದು ಅಕ್ಕೋರನ್ನು ಕರೆದ. ಅವರ ದನಿ ಬಂತು, ಸಣ್ಣಗೆ, ಸ್ವಚ್ಛವಾಗಿ:

“ಇಷ್ಟು ದಿನಾ ಎಲ್ಲಿ ಹೋಗಿದ್ರೋ ಎಲ್ಲಾರೂ? ನಾ ದಿನಾ ಕರೀತಿದ್ನೆಪಾ. ಓವರ್.”

ಅಪ್ಪ ಸೆಟ್ಟನ್ನು ಅವ್ವನ ಕೈಗೆ ಕೊಟ್ಟು ಅತ್ತ ತಿರುಗಿ ನಿಂತ.

ಮರುವರ್ಷ ಅಕ್ಕೋರು ತೀರಿಕೊಂಡರು. ನಾನೀಗ ಹಾವೇರಿಯಲ್ಲಿದ್ದೇನೆ. ದಿನವಿಡೀ ಕಿವಿಯಲ್ಲಿ ಯಾರಾದರೊಬ್ಬರ ದನಿ. ಯಾರದಾದರೂ ಒಡೆದು ಕೇಳಿಸಿದರೆ “ನೆಟ್‌ವರ್ಕ್ ಇಲ್ಲರಿ, ಆಮ್ಯಾಲೆ ಮಾಡ್ತೇನಿ” ಎಂದು ಇಟ್ಟುಬಿಡುತ್ತೇನೆ. ಎಷ್ಟೋ ಸಲ ಮರಳಿ ಮಾಡುವುದಿಲ್ಲ. ಅವರೂ ಮಾಡುವುದಿಲ್ಲ.